ಪಡುಮಲೆಯಿಂದ ಎಣ್ಮೂರಿಗೆ: ಮಕ್ಕಳಿಗೆ ಹೇಳುವಾಗ ಬಿಟ್ಟುಹೋಗುವ ಕಥೆ

ಅವಳಿ ಹುಡುಗರು. ಹುಟ್ಟಿ ಸ್ವಲ್ಪದರಲ್ಲೇ ತಾಯಿ ಇಲ್ಲ. ಸಾಕಿದ ಮಾವನ ಮನೆಯಲ್ಲಿ ಬೆಳೆಯುತ್ತಾರೆ. ಊರಿನ ಅರಸ ತಾಯಿಗೆ ಕೊಟ್ಟ ಮಾತನ್ನು ಮಕ್ಕಳಿಗೆ ನಡೆಸಿಕೊಡುವುದಿಲ್ಲ. ಹುಡುಗರು ಸೊಂಟಕ್ಕೆ ಸುರಿಯ ಸಿಕ್ಕಿಸಿಕೊಂಡು ಊರು ಬಿಟ್ಟು ಹೊರಡುತ್ತಾರೆ. ದಾರಿಯಲ್ಲಿ ಸುಂಕದ ಕಟ್ಟೆಯವನ ಜೊತೆ ಜಗಳ, ಗುರುತು ಪರಿಚಯ ಇಲ್ಲದ ಊರಿನಲ್ಲಿ ಯಾರೆಂದು ಗೊತ್ತಿಲ್ಲದ ಅಕ್ಕ, ಇನ್ನೊಬ್ಬ ಅರಸನ ಒಳಸಂಚು, ಕಾಡುಹಂದಿಯೊಂದರ ನೆಪದಲ್ಲಿ ಯುದ್ಧ. ಇಷ್ಟನ್ನು ಹೆಸರು ಹೇಳದೆ ಬರೆದರೆ ಯಾವುದೋ ಇಂಗ್ಲಿಷ್ ಫ್ಯಾಂಟಸಿ ಪುಸ್ತಕದ ಹಿಂಬದಿ ರಕ್ಷಾಪುಟದ ಮಾತು ಅಂತ ಬೆಂಗಳೂರಿನವರು ನಂಬಿಯಾರು. ನಮ್ಮ ಕಡೆಯವರು ಮಾತ್ರ ಮೂರನೇ ವಾಕ್ಯಕ್ಕೇ, "ಇದು ಕೋಟಿ ಚೆನ್ನಯ ಅಲ್ವಾ ಮಾರಾಯ್ರೆ" ಅಂದುಬಿಡ್ತಾರೆ.

ಈ ಕಥೆಯ ಭೂಪಟಕ್ಕೆ ಕಲ್ಪನೆಯ ರಾಜ್ಯ ಬೇಡ. ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ಶುರು. ಅಲ್ಲಿಂದ ಸುಳ್ಯ ಕಡೆಯ ಪಂಜ, ಕೊನೆಗೆ ಎಣ್ಮೂರು. ಬೆಳ್ಳಾರೆ, ನಿಂತಿಕಲ್ಲು ಅಂತ ಬಸ್ಸಿನ ಬೋರ್ಡು ನೋಡುತ್ತಾ ಒಂದೇ ದಿನದಲ್ಲಿ ಇಡೀ ಕಥೆಯನ್ನು ಸುತ್ತಿ ಬರಬಹುದು. ಹಂದಿ ಪಂಜದ ಸೀಮೆಯದ್ದೋ ಎಣ್ಮೂರಿನದ್ದೋ ಎಂದು ಅಂದು ಹೊಡೆದಾಡಿಕೊಂಡರು. ಕಡಬ ಹೊಸ ತಾಲೂಕು ಆಗುವಾಗ ಯಾವ ಗ್ರಾಮ ಎತ್ತ ಕಡೆ ಎಂದು ನಾವೂ ಸಾಕಷ್ಟು ಚರ್ಚೆ ಮಾಡಿದ್ದೇವೆ. ಗಡಿಯ ತಲೆಬಿಸಿ ಹಳತಾಗುವುದೇ ಇಲ್ಲ.

ಇಂಥ ಕಥೆಯನ್ನು ಮಕ್ಕಳಿಗೆ ಹೇಗೆ ಬರೆಯಬೇಕು ಎನ್ನುವುದು ನನ್ನ ಪ್ರಶ್ನೆ. ಹೇಳುವ ಹಳೆಯ ದಾರಿ ಮುಚ್ಚುತ್ತಾ ಬಂದಿದೆ. ಪಾಡ್ದನ ಕೋಲ ನೇಮಗಳಲ್ಲಿ ಮಾತ್ರ ಇದ್ದದ್ದಲ್ಲ, ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಬಾಯಲ್ಲಿ ಇತ್ತು. ಒಬ್ಬರು ಎತ್ತಿದ ಸೊಲ್ಲನ್ನು ಉಳಿದವರು ಹಿಡಿಯುತ್ತಿದ್ದರು, ಗದ್ದೆಯ ಬದಿಯಲ್ಲಿ ಕೂತ ಮಕ್ಕಳ ಕಿವಿಗೆ ಅದು ತಾನಾಗಿ ಬೀಳುತ್ತಿತ್ತು. ಗದ್ದೆ ಹೋಗಿ ಅಡಿಕೆ ತೋಟ ಆಯಿತು, ಗುಡ್ಡೆಗೆ ರಬ್ಬರ್ ಬಂತು. ಅಡಿಕೆ ಸುಲಿಯುವಲ್ಲಿ ಈಗ ಮೊಬೈಲು ಹಾಡುತ್ತದೆ. ಹಾಗಾಗಿ ಪುಸ್ತಕದ ಮೇಲೆ ಹೊರೆ ಜಾಸ್ತಿ ಬಿದ್ದಿದೆ.

ಆ ಹೊರೆಯನ್ನು ಮೊದಲು ಹೊತ್ತವರಲ್ಲಿ ಪಂಜೆ ಮಂಗೇಶರಾಯರು ದೊಡ್ಡವರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರ ಮನೆತನದ ಹೆಸರಿನಲ್ಲೇ ಪಂಜ ಉಂಟು. ಹಿರಿಯರು ಅಲ್ಲಿಂದ ಬಂದವರು. ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ಊರೂರು ತಿರುಗಿದ ಮನುಷ್ಯ, ಮಕ್ಕಳಿಗಾಗಿ ಬರೆಯುವುದನ್ನು ಮರ್ಯಾದೆಯ ಕೆಲಸ ಮಾಡಿದವರು, ತನ್ನ ಹೆಸರಿಗೆ ಅಂಟಿಕೊಂಡ ಊರಿನ ಕಥೆಯನ್ನು ತುಳುವಿನಿಂದ ಕನ್ನಡ ಗದ್ಯಕ್ಕೆ ತಂದರು. ಅದಕ್ಕೂ ಮೊದಲು ಬಾಸೆಲ್ ಮಿಶನ್ ಮಂಗಳೂರಿನಲ್ಲಿ 1886ರಲ್ಲಿ ಪಾಡ್ದನಗಳನ್ನು ಅಚ್ಚು ಹಾಕಿತ್ತು, ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1890ರ ದಶಕದಲ್ಲಿ ಇಂಗ್ಲಿಷಿನಲ್ಲಿ ಬಂದಿದ್ದವು. ಅವು ಪಂಡಿತರಿಗೆ. ಆ ಇಂಗ್ಲಿಷ್ ಲೇಖನಮಾಲೆಯ ಶೀರ್ಷಿಕೆಯಲ್ಲೇ ನಮ್ಮ ಭೂತಗಳು 'ಡೆವಿಲ್' ಆಗಿದ್ದವು. ಪಂಜೆಯವರ 'ಕೋಟಿ ಚೆನ್ನಯ'ದಲ್ಲಿ ಅವರು ನಮ್ಮ ಪಕ್ಕದ ಊರಿನ ಹುಡುಗರು. ಈ ವ್ಯತ್ಯಾಸ ಸಣ್ಣದಲ್ಲ.

ಆಮೇಲೆ ಬಂದ ಮಕ್ಕಳ ಆವೃತ್ತಿಗಳನ್ನು, ಶಾಲಾ ವಾರ್ಷಿಕೋತ್ಸವದ ನಾಟಕಗಳನ್ನು, ಯೂಟ್ಯೂಬಿನ ಕಾರ್ಟೂನುಗಳನ್ನು ನೋಡಿದರೆ ನನಗೆ ಕಾಣುವುದು ಎರಡು ದಾರಿ. ಒಂದು ಭಕ್ತಿಯ ದಾರಿ: ಹುಡುಗರು ಹುಟ್ಟುವಾಗಲೇ ದೈವ, ಮುಖದ ಸುತ್ತ ಪ್ರಭೆ, ಅವರಿಗೆ ಹೆದರಿಕೆಯೂ ಇಲ್ಲ ಹಸಿವೂ ಇಲ್ಲ. ಇನ್ನೊಂದು ನೀತಿಪಾಠದ ದಾರಿ: ಅನ್ಯಾಯದ ವಿರುದ್ಧ ಹೋರಾಡಿದರು, ನಾವೂ ಹಾಗೆಯೇ ಇರಬೇಕು, ಎಲ್ಲರೂ ಚಪ್ಪಾಳೆ ತಟ್ಟಿ. ಎರಡರಲ್ಲೂ ಹೊಡೆದಾಟ ಉಳಿಯುತ್ತದೆ, ಅದಕ್ಕೆ ಕಾರಣವಾದ ಮನೆಯ ಕಥೆ ಹೋಗುತ್ತದೆ.

ಮೊದಲು ಹೋಗುವವಳು ತಾಯಿ. ದೇಯಿ ಬೈದೆತಿ ಬರೀ "ವೀರಮಾತೆ" ಅಲ್ಲ, ಮದ್ದು ಗೊತ್ತಿದ್ದ ಹೆಂಗಸು. ಕಾಡಿನಲ್ಲಿ ಬಿಟ್ಟುಹೋದ ಹುಡುಗಿ, ಸಾಯನ ಬೈದ್ಯನ ಮನೆಯಲ್ಲಿ ಬೆಳೆದವಳು. ಪೆರುಮಳೆ ಬಲ್ಲಾಳನ ಕಾಲಿಗೆ ಮುಳ್ಳು ಹೊಕ್ಕು ಕೀವು ತುಂಬಿ, ಯಾರ ಮದ್ದೂ ತಾಗದೆ ಹೋದಾಗ ಅರಮನೆಯವರು ಕರೆಸಿಕೊಳ್ಳುವುದು ಇವಳನ್ನು, ಅದೂ ತುಂಬು ಬಸುರಿಯಲ್ಲಿ. ಗುಣವಾಯಿತು. ಆಗ ಕೊಟ್ಟ ಮಾತು ಮುಂದೆ ಮಕ್ಕಳು ಕೇಳುವಾಗ ಬಲ್ಲಾಳನಿಗೆ ನೆನಪಿಲ್ಲ. ಇದನ್ನು ಎರಡು ಸಾಲಿನಲ್ಲಿ ಮುಗಿಸಿದರೆ ಏನಾಗ್ತದೆ? ಮುಂದೆ ಬುದ್ಯಂತನ ಜೊತೆಗಿನ ಜಗಳ, ಬಲ್ಲಾಳನ ಎದುರಿನ ಸಿಟ್ಟು ಎಲ್ಲವೂ ಇಬ್ಬರು ಜಗಳಗಂಟ ಹುಡುಗರ ಗಲಾಟೆ ಆಗಿ ಕಾಣುತ್ತದೆ. ಅವರ ಸಿಟ್ಟು ತಾಯಿಯ ಕೆಲಸಕ್ಕೆ ಸಿಗದ ಕೂಲಿಯದ್ದು. ಪಡುಮಲೆ ಹತ್ತಿರ ದೇಯಿ ಬೈದೆತಿ ಹೆಸರಿನ ಔಷಧಿ ವನ ಇದೆ. ಮಕ್ಕಳ ಪುಸ್ತಕದಲ್ಲಿ ಅವಳ ಮದ್ದಿಗೆ ಒಂದು ಅಧ್ಯಾಯವಾದರೂ ಬೇಡವೇ?

ಎರಡನೆಯದಾಗಿ ಹೋಗುವುದು ನೀರಿನ ಪ್ರಸಂಗ. ಪಂಜದಲ್ಲಿ ಬಾಯಾರಿದ ಅವಳಿಗಳು ಒಂದು ಮನೆಯ ಅಂಗಳಕ್ಕೆ ಬರುತ್ತಾರೆ. ಯಜಮಾನ ಪಯ್ಯ ಬೈದ್ಯ ಮನೆಯಲ್ಲಿಲ್ಲ, ಒಳಗೆ ಹೆಂಗಸು ಒಬ್ಬಳೇ. ನೀರು ಕುಡಿಯುವ ಮೊದಲು ಯಾವ ಕುಲ, ಯಾರ ಮಕ್ಕಳು ಎಂಬ ಮಾತು ಬರ್ತದೆ. ಒಂದೊಂದೇ ಹೆಸರು ಹೊರಗೆ ಬಿದ್ದು, ಕೊನೆಗೆ ದೇಯಿ ಎಂಬ ಹೆಸರಿನಲ್ಲಿ ಎರಡೂ ಕಡೆ ಸೇರುತ್ತದೆ. ಎದುರು ನಿಂತವಳು ಸ್ವಂತ ಅಕ್ಕ ಕಿನ್ನಿದಾರು. ಇಡೀ ಕಥೆಯಲ್ಲಿ ಸುರಿಯ ಹೊರಗೆ ಬಾರದೆ ಎದೆ ಹೊಡೆದುಕೊಳ್ಳುವ ಜಾಗ ಇದೇ ಅಂತ ನನ್ನ ಲೆಕ್ಕ.

ಹೊಸ ಆವೃತ್ತಿಗಳಲ್ಲಿ ಅಕ್ಕ ತಮ್ಮಂದಿರನ್ನು ನೋಡಿದ ಕೂಡಲೇ ಗುರುತಿಸಿಬಿಡುತ್ತಾಳೆ. ಕಾರಣ ನನಗೆ ಅರ್ಥವಾಗ್ತದೆ. ನೀರಿನ ಮುಂದೆ ಕುಲ ಕೇಳುವುದನ್ನು ಇಂದಿನ ಮಕ್ಕಳಿಗೆ ಹೇಗೆ ಹೇಳುವುದು ಎಂಬ ಮುಜುಗರ. ನಾನು ತಂಗಿಯ ಮಗಳಿಗೆ ಇದನ್ನು ಇದ್ದ ಹಾಗೆಯೇ ಹೇಳಿದೆ. ಐದನೇ ಕ್ಲಾಸಿನ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಅವರು ಬೇರೆ ಜಾತಿಯವರಾಗಿದ್ರೆ ನೀರು ಇಲ್ವಾ?" ಅಂತ ಕೇಳಿದಳು. ಇದೇ ಪ್ರಶ್ನೆಗೆ ಹೆದರಿ ದೊಡ್ಡವರು ಪ್ರಸಂಗವನ್ನು ಕತ್ತರಿಸುವುದು. ನನ್ನ ಪ್ರಕಾರ ಕಥೆ ಮಾಡಬೇಕಾದ ಕೆಲಸವೇ ಆ ಪ್ರಶ್ನೆಯನ್ನು ಹುಟ್ಟಿಸುವುದು. ವಂಶದ ಹೆಸರು ಅಕ್ಕನನ್ನು ಕೊಡಲೂಬಹುದು, ಬಾಗಿಲು ಮುಚ್ಚಲೂಬಹುದು. ಎರಡನ್ನೂ ಒಂದೇ ಚೊಂಬಿನಲ್ಲಿ ತೋರಿಸುವ ಪ್ರಸಂಗ ಬೇರೆಲ್ಲಿ ಸಿಗ್ತದೆ?

ಹೊರಗಿನ ಒಂದು ಉದಾಹರಣೆ ಹೇಳ್ತೇನೆ. ಕೆರಿಬಿಯನ್ ದ್ವೀಪದ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಸಿಗ್ವಾಪ ಎಂಬ ಕಾಡಿನ ಹೆಣ್ಣುಗಳ ನಂಬಿಕೆ ಉಂಟು. ಅವರ ಪಾದ ಹಿಂದುಮುಂದು. ಹೆಜ್ಜೆ ಹಿಡಿದು ಹುಡುಕಿಕೊಂಡು ಹೋದವನು ವಿರುದ್ಧ ದಿಕ್ಕಿಗೆ ಹೋಗಿಬಿಡ್ತಾನೆ. ನಮ್ಮ ಅಜ್ಜಿಯಂದಿರೂ ದೆವ್ವದ ಪಾದ ಹಿಂದೆ ತಿರುಗಿರ್ತದೆ ಅಂತ ಹೆದರಿಸಿದವರೇ! ಆ ದೇಶದಲ್ಲಿ ಬಾಲ್ಯ ಕಳೆದು, 1960ರಲ್ಲಿ ಸರ್ವಾಧಿಕಾರಿ ಟ್ರುಹಿಯೋನ ಕಾಲದಲ್ಲಿ ಮನೆಯವರೊಂದಿಗೆ ಅಮೆರಿಕಕ್ಕೆ ಓಡಬೇಕಾಗಿ ಬಂದ ಲೇಖಕಿ ಜೂಲಿಯಾ ಆಲ್ವಾರೆಸ್, 2000ದಲ್ಲಿ ಈ ಸಿಗ್ವಾಪಗಳ ಮೇಲೆ ಮಕ್ಕಳ ಚಿತ್ರಪುಸ್ತಕ ಮಾಡಿದರು. ಹೆದರಿಸುವ ಹೆಣ್ಣುಗಳನ್ನು ಬಿಟ್ಟು, ಮನುಷ್ಯರ ಬಗ್ಗೆ ಕುತೂಹಲ ತಡೆಯಲಾಗದ ಒಬ್ಬ ಸಿಗ್ವಾಪ ಹುಡುಗಿಯನ್ನು ನಾಯಕಿ ಮಾಡಿದ್ದು ಅವರ ಜಾಣ್ಮೆ. ಗುರುತು ಸಿಗದ ಹಾಗೆ ಬದುಕುವುದು, ಓಡುವುದು ಏನೆಂದು ಆ ಮನೆಯವರಿಗೆ ಗೊತ್ತಿತ್ತು. ಅದಕ್ಕೇ ಆ ಕಥೆಯಲ್ಲಿ ಜೀವ ಇದೆ ಎಂದು ನನಗನ್ನಿಸುತ್ತದೆ.

ಹಾಗಂತ ನಾವು ಅದೇ ಸ್ವಾತಂತ್ರ್ಯ ತಗೊಂಡು ಕೋಟಿ ಚೆನ್ನಯರ ಕೈಗೆ ಮಂತ್ರದಂಡ ಕೊಡಬಹುದಾ? ಇಲ್ಲ. ಸಿಗ್ವಾಪನಿಗೆ ಯಾರೂ ತಂಬಿಲ ಕೊಡುವುದಿಲ್ಲ. ನಮ್ಮಲ್ಲಿ ಅರುವತ್ತಾರು ಗರಡಿ ಅಂತ ಲೆಕ್ಕ ಹೇಳುವ ಸಮುದಾಯ ಇದೆ, ವರ್ಷ ವರ್ಷ ನೇಮ ಇದೆ. ಬಿಲ್ಲವ ಮನೆಯ ಒಂದು ಮಗುವಿಗೆ ಈ ಪುಸ್ತಕ ಮನೆಯ ಹಿರಿಯರ ಸುದ್ದಿ, ಪಕ್ಕದ ಬೆಂಚಿನ ಮಗುವಿಗೆ ಸಾಹಸ ಕಥೆ. ಬರೆಯುವವನು ಇಬ್ಬರಿಗೂ ಉತ್ತರ ಕೊಡಬೇಕು. ಇದನ್ನು ಬಂಧನ ಅಂತ ಹಲವರು ಹೇಳುವುದು ಕೇಳಿದ್ದೇನೆ. ನನಗೆ ಹಾಗೆ ಕಾಣುವುದಿಲ್ಲ. ಪಾಡ್ದನ ಸ್ವತಃ ಈ ಹುಡುಗರನ್ನು ಮನುಷ್ಯರಾಗಿಯೇ ನಡೆಸುತ್ತದೆ. ಅವರಿಗೆ ಬಾಯಾರಿಕೆ ಆಗ್ತದೆ, ಸಿಟ್ಟು ಬರ್ತದೆ, ಸಿಟ್ಟಿನಲ್ಲಿ ಕೊಲೆಯೂ ಆಗ್ತದೆ. ದೈವತ್ವ ಬರುವುದು ಸತ್ತ ಮೇಲೆ. ಪ್ರಭೆಯನ್ನು ಮೊದಲ ಪುಟಕ್ಕೇ ತಂದವರು ನಾವು. ಮನುಷ್ಯರಾಗಿ ಬರೆದರೆ ಭಕ್ತರಿಗೆ ಅಪಚಾರ ಆಗುವುದಿಲ್ಲ. ಪಾಡ್ದನದ ಅನುಕ್ರಮಕ್ಕೆ ಮರಳಿದಂತೆ ಆಗ್ತದೆ, ಅಷ್ಟೇ.

ಸಾವಿನ ವಿಷಯವೂ ಹಾಗೆಯೇ. ಎಣ್ಮೂರಿನ ಯುದ್ಧದಲ್ಲಿ ಕೋಟಿಗೆ ಬಾಣ ತಾಗುತ್ತದೆ. ಅಣ್ಣ ಇಲ್ಲದ ಮೇಲೆ ಚೆನ್ನಯನಿಗೂ ಬದುಕು ಬೇಡ. ಇಲ್ಲಿ ಮಾತ್ರ ಕತ್ತರಿ ಹಾಕುವವರ ಹಿಂಜರಿಕೆಗೆ ನನ್ನ ಗೌರವ ಇದೆ. ಚೆನ್ನಯ ಹೇಗೆ ಸತ್ತ ಎಂಬ ವಿವರ ಹತ್ತು ವರ್ಷದ ಮಗುವಿಗೆ ಬೇಡ. ಆದರೆ "ಇಬ್ಬರೂ ದೈವಗಳಾದರು" ಎಂದು ಹಾರಿಸಿದರೆ ಅಕ್ಕ ಎಲ್ಲಿ ಹೋದಳು? ತಡವಾಗಿ ಸಿಕ್ಕಿದ ತಮ್ಮಂದಿರು ಬೇಗ ಹೋದರು. ಕಥೆ ಒಂದು ಪುಟ ಕಿನ್ನಿದಾರುವಿನ ಬಳಿ ಕೂತುಕೊಳ್ಳಬೇಕು. ಮಕ್ಕಳಿಗೆ ದುಃಖ ತಿಳಿಯುತ್ತದೆ. ತಿಳಿಯದೆ ಇರುವುದು ನಾವು ಮಾಡುವ ಅವಸರ.

ಪುತ್ತೂರಿನ ಮಕ್ಕಳ ಸಾಹಿತ್ಯ ಅಂದರೆ ಎಲ್ಲರಿಗೂ ಕಾರಂತರ ಬಾಲವನ ನೆನಪಾಗ್ತದೆ. 1930ರ ದಶಕದಲ್ಲಿ ಅವರು ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದು ಜಗತ್ತಿನ ಸಂಗತಿಗಳನ್ನೆಲ್ಲ ಕನ್ನಡದ ಮಕ್ಕಳ ಮುಂದೆ ಹರಡಿದರು. ಮಗುವಿಗೆ ನಿಜ ಹೇಳಿದರೆ ಅದು ತಾಳಿಕೊಳ್ಳುತ್ತದೆ ಎಂಬ ಭರವಸೆ ಆ ಕೆಲಸದ ಹಿಂದೆ ಇತ್ತು. ಪಂಜೆಯವರ ಕಥನದ ಹದ, ಕಾರಂತರ ಈ ಭರವಸೆ, ಎರಡೂ ಒಟ್ಟಿಗೆ ಇರುವ ಒಂದು ಕೋಟಿ ಚೆನ್ನಯ ಪುಸ್ತಕ ಬರಲಿ. ಮೊದಲ ಪುಟದಲ್ಲಿ ಪಡುಮಲೆಯಿಂದ ಎಣ್ಮೂರಿನವರೆಗಿನ ಒಂದು ಭೂಪಟ ಇರಲಿ, ನಮ್ಮ ಬಸ್ ಸ್ಟಾಪುಗಳ ಹೆಸರಿನ ಸಮೇತ. ದುಬೈಯಲ್ಲೋ ಬೆಂಗಳೂರಿನಲ್ಲೋ ಬೆಳೆಯುವ ನಮ್ಮೂರಿನ ಮಗು ಅದರ ಮೇಲೆ ಬೆರಳಿಟ್ಟು, "ಅಜ್ಜಿ ಮನೆ ಇಲ್ಲೇ ಹತ್ತಿರ ಅಲ್ವಾ?" ಅಂತ ಕೇಳುವ ಹಾಗೆ.