ಡಬ್ಬಿಯ ದರ ಎಲ್ಲಿ ಹೋಯಿತು?

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಕಡ್ಡಿ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ದುಂಡಗೆ. ಪೇಟೆಯಲ್ಲಿ ಡಬ್ಬಿಗೆ ಸಾಮಾನ್ಯವಾಗಿ ದರ ಹೆಚ್ಚು. ಹಾವೇರಿ, ರಾಣೆಬೆನ್ನೂರು ಕಡೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಸಿ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ನಾನು ಈ ಲೆಕ್ಕವನ್ನೇ ಕೊಡುತ್ತೇನೆ: ಎರಡರ ತೂಕ, ಎರಡರ ದರ, ರೈತನ ಕೈಗೆ ಬರುವ ಹಣವೆಷ್ಟು?

ಒಬ್ಬ ಹುಡುಗ ಕಡ್ಡಿಗೆ ಬರೆದ ಸಾಲನ್ನೇ ಕಾಪಿ ಮಾಡಿ ಡಬ್ಬಿಗೂ ಇಟ್ಟ. ತೂಕದ ಹೆಸರು ಬದಲಿಸಿದ, ದರದ ಹೆಸರು ಮರೆತ. ‘ಡಬ್ಬಿದರ’ ಎಂಬ ವೇರಿಯೇಬಲ್ ಬಳಕೆಯಾಗಿಲ್ಲ ಎಂದು ಕಂಪೈಲರ್ ಹೇಳಿತು. ಹುಡುಗ ಆ ವೇರಿಯೇಬಲ್ಲನ್ನೇ ಅಳಿಸಿಬಿಟ್ಟ. ವಾರ್ನಿಂಗ್ ಹೋಯಿತು, ಔಟ್‌ಪುಟ್ ಬಂತು, ಡಬ್ಬಿ ಕಡ್ಡಿಯ ದರಕ್ಕೆ ಮಾರಾಟವಾಯಿತು. ಕ್ವಿಂಟಲಿಗೆ 5,000 ರೂಪಾಯಿ ವ್ಯತ್ಯಾಸ ಎಂದಿಟ್ಟುಕೊಂಡರೂ ನಾಲ್ಕು ಕ್ವಿಂಟಲಿಗೆ 20,000 ರೂಪಾಯಿ ಹೋಯಿತು. ಕೇಳಿದ್ದಕ್ಕೆ ಅವನು ಅಂದದ್ದು, “ವಾರ್ನಿಂಗ್ ಅಷ್ಟ ಇತ್ರೀ ಸರ್, ಎರರ್ ಏನಿರಲಿಲ್ಲ.”

ಈ ಮಾತಿಗೆ ನನ್ನ ತಕರಾರಿದೆ. ಎರರ್ ಬಂದಾಗ ಪ್ರೋಗ್ರಾಂ ಓಡುವುದೇ ಇಲ್ಲ, ಆದ್ದರಿಂದ ಯಾರಿಗೂ ನಷ್ಟವಿಲ್ಲ. ವಾರ್ನಿಂಗ್ ಇರುವ ಪ್ರೋಗ್ರಾಂ ಓಡುತ್ತದೆ, ತಪ್ಪು ಉತ್ತರವನ್ನು ಧೈರ್ಯವಾಗಿ ಕೊಡುತ್ತದೆ. ಬಳಕೆಯಾಗದ ವೇರಿಯೇಬಲ್ಲನ್ನು ನಾವು ಕಸ ಎಂದುಕೊಂಡು ಗುಡಿಸುತ್ತೇವೆ. ‘ಇದನ್ನು ಯಾತಕ್ಕೆ ತಂದಿಟ್ಟೆ?’ ಎಂದು ಕಂಪೈಲರ್ ಕೇಳುತ್ತಿದೆ. ಉತ್ತರ ಗೊತ್ತಾಗುವ ಮೊದಲೇ ಅಳಿಸಿದರೆ ತಪ್ಪಿನ ಸುಳಿವೂ ಅದರೊಟ್ಟಿಗೆ ಅಳಿಯುತ್ತದೆ.

ಕೇಳಿಸಿಕೊಳ್ಳುವ ಅಭ್ಯಾಸವೇ ನಮ್ಮಲ್ಲಿ ಬೆಳೆದಿಲ್ಲ. ಟರ್ಬೊ ಸಿ ಕಾಲದಲ್ಲಿ ಕಂಟ್ರೋಲ್ ಮತ್ತು ಎಫ್9 ಒತ್ತಿದರೆ ಪ್ರೋಗ್ರಾಂ ನೇರ ಓಡುತ್ತಿತ್ತು, ವಾರ್ನಿಂಗ್ ಓದುವವರು ಅಪರೂಪ. ಈಗ ಜಿಸಿಸಿ ಎಂಬ ಕಂಪೈಲರ್ ಬಂದಿದೆ. ಡಬ್ಲ್ಯೂ-ಆಲ್ ಎಂಬ ಆಯ್ಕೆ ಕೊಡದಿದ್ದರೆ ಅದು ಬಳಕೆಯಾಗದ ವೇರಿಯೇಬಲ್ ಬಗ್ಗೆ ಬಾಯಿ ಬಿಡುವುದಿಲ್ಲ. ಮೊದಲ ದಿನವೇ ಆ ಆಯ್ಕೆಯನ್ನು ಕಲಿಸಬೇಕು.

ಇನ್ನು ವೇರಿಯೇಬಲ್ ಹೆಸರಿಗೆ ಮೊದಲು ವಾಯ್ಡ್ ಎಂದು ಆವರಣದಲ್ಲಿ ಬರೆದು ಕಂಪೈಲರನ್ನು ಸುಮ್ಮನಾಗಿಸುವ ಉಪಾಯ. ಇದನ್ನು ಸಾರಾಸಗಟಾಗಿ ತಳ್ಳಲಾರೆ. ಸಿಗ್ನಲ್ ಹ್ಯಾಂಡ್ಲರ್ ಬೇಕಿರಲಿ ಬೇಡವಿರಲಿ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಲೇಬೇಕು. ಅಸರ್ಟ್ ಒಳಗೆ ಮಾತ್ರ ಬಳಸಿದ ವೇರಿಯೇಬಲ್, ಅಸರ್ಟ್‌ಗಳನ್ನು ತೆಗೆದು ಕಂಪೈಲ್ ಮಾಡಿದಾಗ ಅನಾಥವಾಗುತ್ತದೆ. ಅಂಥ ಕಡೆ ವಾಯ್ಡ್ ಬರೆಯುವುದು ಪ್ರಾಮಾಣಿಕ ಕೆಲಸ. ಸಿ23 ಮಾನಕದಲ್ಲಂತೂ ‘ಬಳಕೆಯಾಗದೆಯೂ ಇರಬಹುದು’ ಎಂದು ಘೋಷಿಸುವ ಗುರುತೇ ಬಂದಿದೆ, ಫಂಕ್ಷನ್ನಿನ ಪ್ಯಾರಾಮೀಟರಿಗೆ ಹೆಸರಿಡದೆ ಬಿಡುವುದಕ್ಕೂ ಅನುಮತಿಯಿದೆ. ಆದರೆ ಫೈಲಿಗೆ ಬರೆದ ಫಂಕ್ಷನ್ ಕೊಟ್ಟ ಉತ್ತರವನ್ನು ಒಂದು ವೇರಿಯೇಬಲ್ಲಿಗೆ ತುಂಬಿ, ಅದನ್ನು ನೋಡದೆ, ಕೆಳಗೆ ವಾಯ್ಡ್ ಬರೆಯುತ್ತಾರಲ್ಲ, ಅದು ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ. ಡಿಸ್ಕ್ ತುಂಬಿ ಬರಹ ಅರ್ಧಕ್ಕೆ ನಿಂತರೂ ಪ್ರೋಗ್ರಾಂ ‘ಉಳಿಸಿದೆ’ ಎನ್ನುತ್ತದೆ.

ಎಚ್ಚರಿಕೆಯ ಬಾಯಿ ಮುಚ್ಚಿಸಿದ್ದರ ಬೆಲೆಗೆ ಜಗತ್ತೇ ನೋಡಿದ ಉದಾಹರಣೆಯಿದೆ. ಅದು ಬೇರೆ ಬಗೆಯ ಎಚ್ಚರಿಕೆ, ರೋಗ ಮಾತ್ರ ಇದೇ. ಡೆಬಿಯನ್ ಎಂಬ ಲಿನಕ್ಸ್‌ನ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯಲ್ಲಿ, ಬೆಲೆ ತುಂಬದ ಮೆಮೊರಿ ಓದಲಾಗುತ್ತಿದೆ ಎಂದು ವ್ಯಾಲ್‌ಗ್ರಿಂಡ್ ಎಂಬ ಸಾಧನ ದೂರುತ್ತಿತ್ತು. 2006ರಲ್ಲಿ ಆ ದೂರು ನಿಲ್ಲಲೆಂದು ಎರಡು ಸಾಲು ಕೈಬಿಟ್ಟರು. ರಹಸ್ಯ ಕೀಲಿಗಳಿಗೆ ಊಹಿಸಲಾಗದ ಗುಣ ಕೊಡುತ್ತಿದ್ದದ್ದು ಆ ಎರಡರಲ್ಲೊಂದು ಸಾಲೇ. 2008ರ ಮೇ ತಿಂಗಳಲ್ಲಿ ಬಯಲಾದಾಗ, ಒಂದೊಂದು ಬಗೆಯ ಕೀಲಿಗೆ ಉಳಿದಿದ್ದ ಸಾಧ್ಯತೆಗಳು ಹೆಚ್ಚುಕಡಿಮೆ 32,000 ಮಾತ್ರ. ಆ ಎರಡು ವರ್ಷ ತಯಾರಾದ ಕೀಲಿಗಳನ್ನೆಲ್ಲ ಬದಲಿಸಬೇಕಾಯಿತು.

ಹಾಗೆಂದು ಪ್ರತಿ ವಾರ್ನಿಂಗನ್ನೂ ಎರರ್ ಮಾಡುವ ಡಬ್ಲ್ಯೂ-ಎರರ್ ಆಯ್ಕೆಯನ್ನು ಎಲ್ಲರ ಮೇಲೂ ಹೇರುವುದನ್ನು ಒಪ್ಪಲಾರೆ. ಬರೆಯುವವರ ಯಂತ್ರದಲ್ಲಿ ಅದಿರಲಿ. 2011ರಲ್ಲಿ ಜಿಸಿಸಿ 4.6 ‘ಬೆಲೆ ಕೊಟ್ಟಿದೆ, ಬಳಸಿಲ್ಲ’ ಎಂಬ ಹೊಸ ವಾರ್ನಿಂಗನ್ನು ಡಬ್ಲ್ಯೂ-ಆಲ್‌ಗೆ ಸೇರಿಸಿದಾಗ, ಡಬ್ಲ್ಯೂ-ಎರರ್ ಹೊತ್ತಿದ್ದ ಹಳೆಯ ಕೋಡ್ ಕಂಪೈಲ್ ಆಗದೆ ನಿಂತಿತು. ಆತುರದಲ್ಲಿ ಜನ ಮತ್ತೆ ಅಳಿಸುವುದಕ್ಕೇ ಇಳಿಯುತ್ತಾರೆ.

ಕಂಪೈಲರಿನ ಕಣ್ಣಿಗೂ ಮಿತಿಯಿದೆ. ನನ್ನ ಲ್ಯಾಬಿನ ಹುಡುಗ ಡಬ್ಬಿದರವನ್ನು ಪ್ರೋಗ್ರಾಮಿನಲ್ಲೇ ಬರೆದಿದ್ದರಿಂದ ವಾರ್ನಿಂಗಾದರೂ ಬಂತು. ಸ್ಕ್ಯಾನ್‌ಎಫ್‌ನಿಂದ ಓದಿಸಿದ್ದರೆ, ವಿಳಾಸ ಕೊಟ್ಟದ್ದನ್ನೇ ಬಳಕೆಯೆಂದು ಎಣಿಸಿ ಜಿಸಿಸಿ ಸುಮ್ಮನಿರುತ್ತಿತ್ತು. ಅದಕ್ಕಾಗಿ ಈಗ ಮನೆಯಿಂದ ದಲಾಲಿ ಅಂಗಡಿಯ ಹಳೆಯ ಲೆಕ್ಕದ ಪಟ್ಟಿ ತರಲು ಹೇಳುತ್ತೇನೆ. ಪಟ್ಟಿಯ ಮೊತ್ತಕ್ಕೂ ಪ್ರೋಗ್ರಾಮಿನ ಮೊತ್ತಕ್ಕೂ ತಾಳೆಯಾದ ಮೇಲೆಯೇ ರೆಕಾರ್ಡಿಗೆ ಸಹಿ.