ಸಲಹೆ ಕೊಡುವವರಿದ್ದಾರೆ, ತಡೆಯುವವರು ಯಾರು?

ಕಾಗದದ ಮಿಲ್ಲಿನಲ್ಲಿ ಮರದ ಚಕ್ಕೆಯನ್ನು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಹಾಕಿ ಬೇಯಿಸುವಲ್ಲಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ನಾತ. ಅನಿಲ ಹೆಚ್ಚಾದರೆ ಮೂಗೇ ಸೋತು ನಾತ ತಿಳಿಯದಂತಾಗುತ್ತದೆ. ಗಾಳಿ ತಿಳಿಯಾಯಿತೆಂದು ಟ್ಯಾಂಕಿಗೆ ಇಳಿದವನ ಜೀವಕ್ಕೇ ಕುತ್ತು. ಇಂಥ ಸಾವು ತಪ್ಪಿಸಲೆಂದೇ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ 36ನೇ ಕಲಂ ಇತ್ತು: ಒಳಗಿನ ಗಾಳಿ ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಲಕರಣೆ, ಬೆಲ್ಟು, ಹಗ್ಗ ಕೊಟ್ಟು, ಹಗ್ಗದ ತುದಿಯನ್ನು ಹೊರಗೊಬ್ಬ ಹಿಡಿದಿರಬೇಕು.

ಆ ತುದಿಯನ್ನು ಯಾರಾದರೂ ಹಿಡಿದಿದ್ದಾರೆಯೇ ಎಂದು ನೋಡುವವರು ಯಾರು? ನಮ್ಮ ವ್ಯವಸ್ಥೆಯ ದೌರ್ಬಲ್ಯ ಇಲ್ಲಿದೆ. ಗಣಿಗಳಿಗೆ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವಿದೆ. ಜೋಯಿಡಾ ಕಾಡಿನಲ್ಲಿ ಮ್ಯಾಂಗನೀಸ್ ತೆಗೆಯುತ್ತಿದ್ದ ಕಾಲದಲ್ಲಿ ಆ ಗಣಿಗಳೂ ಅದರ ಅಧಿಕಾರಕ್ಕೆ ಒಳಪಟ್ಟಿದ್ದವು. ಕಾರ್ಖಾನೆಗಳ ಮಟ್ಟಿಗೆ 1945ರಲ್ಲಿ ಶುರುವಾದ ಮುಂಬೈಯ ಕೇಂದ್ರ ಸಂಸ್ಥೆ ಸಲಹೆ, ತರಬೇತಿ, ಅಧ್ಯಯನಕ್ಕೆ ಸೀಮಿತ. ನವಮಂಗಳೂರಿನಂಥ ದೊಡ್ಡ ಬಂದರುಗಳಲ್ಲಿ ತಪಾಸಣೆ ಮಾಡುವ ಅಧಿಕಾರ ಅದಕ್ಕಿದೆ, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿಲ್ಲ. ಇಲ್ಲಿ ಹೊಣೆ ರಾಜ್ಯದ ಕಾರ್ಖಾನೆ ಮತ್ತು ಬಾಯ್ಲರು ಇಲಾಖೆಯದು. ಬ್ರಿಟನ್ 1974ರ ಕಾಯ್ದೆಯಿಂದ ಕಾರ್ಖಾನೆ, ಕಟ್ಟಡ, ಹೊಲ ಎಲ್ಲವನ್ನೂ ಒಂದೇ ಕಾನೂನಿನಡಿ ತಂದಿತು. ಭೋಪಾಲದ ಅನಿಲ ದುರಂತದ ನಂತರ ನಾವು 1987ರಲ್ಲಿ ಅಪಾಯಕಾರಿ ಕಾರ್ಖಾನೆಗಳಿಗೆ ನಿಯಮ ಬಿಗಿ ಮಾಡಿದೆವು, ಜಾರಿಯ ಏರ್ಪಾಡು ಮಾತ್ರ ಹಾಗೆಯೇ ಉಳಿಯಿತು.

ಆ ಹಳೆಯ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಇದನ್ನು ಸರಿಪಡಿಸಬಹುದಿತ್ತು. ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕೆಂದಿರುವುದು ನಿಜಕ್ಕೂ ಒಳ್ಳೆಯದು. ಗುತ್ತಿಗೆ ಆಳು ಸತ್ತಾಗ 'ಅವನು ನಮ್ಮವನಲ್ಲ' ಎಂದು ಜಾರಿಕೊಳ್ಳುವುದು ಕಷ್ಟವಾಗುತ್ತದೆ. ಆದರೆ ರಾಷ್ಟ್ರಮಟ್ಟದಲ್ಲಿ ಹುಟ್ಟಿರುವುದು ಮತ್ತೊಂದು ಸಲಹಾ ಮಂಡಳಿ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು 10 ಜನ ಸಾಕಿದ್ದದ್ದು ಈಗ 20 ಆಗಿದೆ. ಗುತ್ತಿಗೆ ಕಾರ್ಮಿಕರ ನಿಯಮಗಳ ಮಿತಿ 20ರಿಂದ 50ಕ್ಕೆ ಏರಿದೆ. ಹದಿನೈದು ಜನರ ಸಾಮಿಲ್ಲು, ಅಕ್ಕಿ ಗಿರಣಿಗಳು ಮುಂಡಗೋಡದಲ್ಲಾಗಲಿ ಬೇರೆಲ್ಲಾಗಲಿ ಇನ್ನು ಕಾರ್ಖಾನೆಗಳಲ್ಲ. ಗರಗಸದ ಹಲ್ಲು ಮಾತ್ರ ಮೊದಲಿನಷ್ಟೇ ಹರಿತ. ಹಳಿಯಾಳದ ಸಕ್ಕರೆ ಕಾರ್ಖಾನೆಯ ಗೇಟಿನೊಳಗೆ ಕಾನೂನಿದೆ. ಅದೇ ಕಬ್ಬನ್ನು ಕಡಿಯುವ ಗ್ಯಾಂಗಿನ ಕೈ ಕೊಯ್ದರೆ, ಹಾವು ಕಚ್ಚಿದರೆ, ವಿಚಾರಿಸಲು ಒಬ್ಬ ಇನ್ಸ್‌ಪೆಕ್ಟರೂ ಬರುವುದಿಲ್ಲ.

ಇನ್ಸ್‌ಪೆಕ್ಟರ್ ಈಗ 'ಸುಗಮಕಾರ'ನೂ ಹೌದು. ಎಲ್ಲಿಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಆರಿಸಿಕೊಡುವ ಪದ್ಧತಿಯನ್ನು ಸಂಹಿತೆ ತಂದಿದೆ. ಲಂಚಕ್ಕೆ ಕಡಿವಾಣ ಬೇಕು, ಒಪ್ಪಿದೆ. ಆದರೆ ಮುನ್ಸೂಚನೆ ಇಲ್ಲದೆ ಒಳಹೋಗುವ ಅಧಿಕಾರವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 81ನೇ ಒಡಂಬಡಿಕೆ ತಪಾಸಕನಿಗೆ ಕೊಟ್ಟಿದೆ, ಭಾರತ ಅದನ್ನು 1949ರಲ್ಲೇ ಅನುಮೋದಿಸಿದೆ. ಕಾರ್ಮಿಕನೊಬ್ಬ ದೂರು ಕೊಟ್ಟ ದಿನವೇ ಬಾಗಿಲು ತಟ್ಟಲಾಗದ ತಪಾಸಣೆಯಿಂದ ಅವನಿಗೇನು ಉಪಯೋಗ?

ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ಕರ್ನಾಟಕ ಸರ್ಕಾರ ಹಳೆಯ 10ರ ಮಿತಿಯನ್ನು ಮರಳಿ ತರಲಿ, ಪ್ರತಿ ಅಪಘಾತದ ತನಿಖಾ ವರದಿಯನ್ನು ತಾಲ್ಲೂಕುವಾರು ಕನ್ನಡದಲ್ಲಿ ಪ್ರಕಟಿಸಲಿ.