ಡೆತ್ ನೋಟ್ ಓದುವ ಪತ್ರಿಕೆಗಳು

ಭ್ರಷ್ಟಾಚಾರ ಬಯಲಿಗೆಳೆಯುವ ಪತ್ರಿಕೆಗಳ ಮಾತು ಬಂದರೆ ನಮ್ಮಲ್ಲಿ ಅದು ಲಂಕೇಶರ ಹತ್ತಿರ ಬಂದು ನಿಲ್ಲುತ್ತದೆ. ನಿಲ್ಲಬೇಕಾದದ್ದೇ. 1980ರ ಜುಲೈ ತಿಂಗಳಲ್ಲಿ 'ಲಂಕೇಶ್ ಪತ್ರಿಕೆ' ಹುಟ್ಟಿತು. ಅದೇ ತಿಂಗಳು ನರಗುಂದ, ನವಲಗುಂದದಲ್ಲಿ ಗುಂಡೂರಾವ್ ಸರ್ಕಾರದ ಪೊಲೀಸರು ರೈತರ ಮೇಲೆ ಗುಂಡು ಹಾರಿಸಿದರು. ಜಾಹೀರಾತಿಗೆ ಕೈಯೊಡ್ಡದೆ, ಓದುವವನ ಚಿಲ್ಲರೆ ಕಾಸಿನಲ್ಲೇ ಬದುಕಿದ ಆ ವಾರಪತ್ರಿಕೆ ಮುಖ್ಯಮಂತ್ರಿಯನ್ನು 'ಗುಂ' ಎಂದು ಕರೆದು ಜನರ ಹೆದರಿಕೆ ಬಿಡಿಸಿತು. 1983ರಲ್ಲಿ ಕಾಂಗ್ರೆಸ್ ಸೋತಿತು, ಗುಂಡೂರಾಯರೂ ಸೋತರು. ಪತ್ರಿಕೆಯೊಂದೇ ಸೋಲಿಸಿತು ಅನ್ನೋದು ಬಡಾಯಿ. ಬೀದಿಯಲ್ಲಿ ರೈತರಿದ್ದರು, ದಲಿತ ಸಂಘರ್ಷ ಸಮಿತಿ ಇತ್ತು.

ಆಮೇಲೆ ಬಂದ ಹೆಗಡೆಯವರ ಸರ್ಕಾರಕ್ಕೆ 1986ರಲ್ಲಿ ಸಾರಾಯಿ ಬಾಟಲಿ ತುಂಬುವ ಗುತ್ತಿಗೆ ವಿಚಾರವಾಗಿ ಹೈಕೋರ್ಟು ಛೀಮಾರಿ ಹಾಕಿತು. ಹೆಗಡೆ ರಾಜೀನಾಮೆ ಕೊಟ್ಟರು, ಕೆಲವೇ ದಿನದಲ್ಲಿ ಹಿಂದಕ್ಕೆ ತಗೊಂಡರು. ಆ ಬಾಟಲಿಗೆ ದುಡ್ಡು ಕೊಟ್ಟವರು ನಮ್ಮ ಕೇರಿಯವರು.

ನನ್ನ ತಕರಾರು ಇಲ್ಲಿಂದ ಶುರು. ನಮ್ಮ ಪತ್ರಿಕೆಗಳ ತನಿಖೆಗೆ ವಿಧಾನಸೌಧದ ಮೆಟ್ಟಿಲು ಗೊತ್ತು, ಕೇರಿಯ ದಾರಿ ಗೊತ್ತಿಲ್ಲ. ಕುರ್ಚಿ ಅಲ್ಲಾಡಿದರೆ ಸುದ್ದಿ. ದಲಿತರ, ಬುಡಕಟ್ಟಿನವರ ಪಾಲಿನ ದುಡ್ಡು ಸದ್ದಿಲ್ಲದೆ ಸರಿದುಹೋದರೆ ಅದು ಲೆಕ್ಕಪತ್ರ!

ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಕತೆ ನೋಡ್ರಿ. ನಿಗಮದ ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ಹಾರಿ ಹೈದರಾಬಾದಿನ ಖಾತೆಗಳಿಗೆ ಇಳಿಯುವಾಗ ಯಾವ ಪತ್ರಿಕೆಗೂ ವಾಸನೆ ಬಡಿಯಲಿಲ್ಲ. 2024ರ ಮೇ 26ರಂದು ಅದೇ ನಿಗಮದ ಲೆಕ್ಕ ಬರೆಯುವ ನೌಕರನೊಬ್ಬ ಶಿವಮೊಗ್ಗದ ತನ್ನ ಮನೆಯಲ್ಲಿ ಜೀವ ಕಳಕೊಂಡ. ಆತ ಬರೆದಿಟ್ಟ ಚೀಟಿಯಿಂದ 187 ಕೋಟಿ ರೂಪಾಯಿಯ ಮಾತು ಹೊರಗೆ ಬಂತು. ಅಂದರೆ ತನಿಖಾ ವರದಿ ಬರೆದವನು ಸತ್ತವನು. ಪತ್ರಿಕೆಗಳು ಅದನ್ನ ಓದಿ ಹೇಳಿದವು. ಜೂನ್ 6ಕ್ಕೆ ಮಂತ್ರಿ ಬಿ. ನಾಗೇಂದ್ರ, ತನ್ನದೇನೂ ತಪ್ಪಿಲ್ಲ ಅನ್ನುತ್ತಲೇ ರಾಜೀನಾಮೆ ಕೊಟ್ಟರು. ಹೋದದ್ದು 187 ಅಲ್ಲ, 89 ಕೋಟಿ ಚಿಲ್ಲರೆ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಸದನದಲ್ಲಿ ಹೇಳಿದರು. ಬರೇ 89! ಅದರಲ್ಲಿ ಒಂದು ಪಾಲು ಬಳ್ಳಾರಿ ಲೋಕಸಭಾ ಚುನಾವಣೆಗೆ ಹೋಯಿತು ಅಂತ ಇ.ಡಿ. ಆಪಾದನೆ. ಬಳ್ಳಾರಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. ಆಪಾದನೆ ಖರೇ ಆದರೆ, ಬ್ಯಾಡರ ಓಟು ಬ್ಯಾಡರ ದುಡ್ಡಿನಿಂದಲೇ ಕೊಂಡ ಹಾಂಗಾತು.

ಇದು ಕಳ್ಳತನದ ಮಾತಾಯ್ತು. ಕಾನೂನೇ ದಾರಿ ಬಿಟ್ಟಾಗ ಏನು ಮಾಡಬೇಕು? 2013ರ ಉಪಯೋಜನೆ ಕಾಯ್ದೆಯಲ್ಲಿ 7(ಡಿ) ಅಂತ ಒಂದು ಕಲಮು ಇತ್ತು. ಎಲ್ಲರಿಗೂ ಆಗುವ ಕಾಮಗಾರಿಯ ಖರ್ಚಿನಲ್ಲಿ ಒಂದು ಭಾಗವನ್ನ ದಲಿತರಿಗೆ ಮಾಡಿದ ಖರ್ಚು ಅಂತ ತೋರಿಸಲಿಕ್ಕೆ ಅದು ಕಿಂಡಿ. ದಲಿತ ಸಂಘಟನೆಗಳು ಕೂಗಿ ಕೂಗಿ 2023ರಲ್ಲಿ ಅದನ್ನ ತೆಗೆಸಿದವು. ಇಲ್ಲಿ ಲಂಚದ ಸೂಟ್‌ಕೇಸ್ ಇಲ್ಲ, ಫೋಟೋ ಇಲ್ಲ. ಬಜೆಟ್ಟಿನ ದಪ್ಪ ಪುಸ್ತಕ ಓದೋ ತಾಳ್ಮೆ ಬೇಕು. ಮುಖಪುಟಕ್ಕೆ ಇದು ರುಚಿಸೋದಿಲ್ಲ.

ಊರಿನ ವರದಿಗಾರನನ್ನ ಬೈದು ಉಪಯೋಗವಿಲ್ಲ. ಅವನ ಕೂಳು ಜಾಹೀರಾತಿನ ಕಮಿಷನ್ನಿನಲ್ಲಿ; ಆ ಜಾಹೀರಾತು ಸಾಹೇಬರ ಹುಟ್ಟುಹಬ್ಬದ್ದು, ದುಡ್ಡು ಕೊಟ್ಟಾಂವ ಗುತ್ತಿಗೆದಾರ. ಬಸವನ ಬಾಗೇವಾಡಿ ಕಡೆಯ ಹೂವಿನ ಹಿಪ್ಪರಗಿಯನ್ನೇ ತಗೊಳ್ರಿ. ಆ ಹೆಸರಿನ ವಿಧಾನಸಭಾ ಕ್ಷೇತ್ರವೇ 2008ರ ಪುನರ್ವಿಂಗಡಣೆಯಲ್ಲಿ ಅಳಿಸಿಹೋಯಿತು. ಬೆಂಗಳೂರಿನ ಯಾವ ಸಂಪಾದಕ ಅಲ್ಲಿಗೆ ಬಂದಾನು? ಆದರೆ ತನಿಖೆಗೆ ಬೇಕಾದ್ದೆಲ್ಲಾ ಅಂಥಾ ಎರೆಹೊಲದ ಊರಲ್ಲೇ ಅದ. ಗಂಗಾ ಕಲ್ಯಾಣದ ಫಲಾನುಭವಿಗಳ ಪಟ್ಟಿ ಹಿಡಕೊಂಡು ಹೊಲಕ್ಕ ಹೋಗ್ರಿ. ಬೋರು ಎಷ್ಟು ಅಡಿ ಇಳಿದದ? ಬಿಲ್ಲಿನಾಗ ಎಷ್ಟು ಅಡಿ ಬರದಾರ? ಕೇಸಿಂಗ್ ಪೈಪು ಎಷ್ಟು ಕೂಡಿಸ್ಯಾರ? ಪಂಪು ಬಂತೇನು, ಕರೆಂಟು ಬಂತೇನು? ಹೊಲದ ಮಾಲಕನ ಹೆಸರು ಪಟ್ಟಿಯಾಗ ಇರೋದು ಅವನಿಗೇ ಗೊತ್ತೈತೇನು?

ಆ ಪಟ್ಟಿ, ಆ ಬಿಲ್ಲು ವಿಜಯಪುರದ ನಿಗಮ ಕಚೇರಿಗಳ ಕಪಾಟಿನಲ್ಲಿರುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿಗೆ ಹತ್ತು ರೂಪಾಯಿ. ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ.